ಪಕ್ಕಾ ಬಣ್ಣ

ಸೊಲ್ಲಾಪುರದ ಚಾದರ ಕಾರಖಾನಿ, ಬಣ್ಣದ ಹೌದು,
ಅದರಾಗ ಮೂವತ್ತು ವರ್ಷ ನಿಂತ ಕಾಲು ಇವು.
ಸೋಮವಾರ ಕೆಂಪು, ಗುರುವಾರ ಗಿಣಿಹಸಿರು,
ಶನಿವಾರ ಸಂಜಿಗೆ ನನ್ನ ಕೈಗೆ ಬರೂದು
ಯಾವ ಬಣ್ಣಾನೂ ಅಲ್ಲದ ಬಣ್ಣ.
ಸೋಡಾ, ಸೀಗಿಕಾಯಿ, ಒಂದು ಉಜ್ಜುಗಲ್ಲು.
ತಿಕ್ಕಿದರ ಹೋಗತಾವ. ಹೋಗಾಕ ಬೇಕು.

ಎರಡು ವರ್ಷದ ಹಿಂದ ಹೆಬ್ಬೆರಳಿನ ಉಗುರಿನಾಗ
ಒಂದು ಕರೀ ಗೆರಿ. ಪೆಟ್ಟು ಬಿದ್ದೈತಿ ಅಂದ್ರು.
ಗೆರಿ ಅಗಲಾತು, ಉಗುರು ದಾಟಿ ಚರ್ಮಕ್ಕ ಸೋರಿತು.
ಬೆರಳು ತೆಗದ್ರು.
"ಹೌದಿನಾಗ ನಿಲ್ಲಾಕ ಒಂಬತ್ತು ಸಾಕು ಬಿಡ" ಅಂತ ನಕ್ಕರು.
ಆಮ್ಯಾಲೆ ಮನಿಯಾಗ ಯಾರೂ ಆ ಬ್ಯಾನಿ ಹೆಸರು ತೆಗೀಲಿಲ್ಲ.

ಶ್ರಾವಣದ ಒಂದು ಶನಿವಾರ
ಹರಡಿನ ಮ್ಯಾಲ ಮೂರು ನೀಲಿ ಚುಕ್ಕಿ.
ಆ ವಾರ ನೀಲಿಯ ಪಾಳಿ ಇದ್ದಿದ್ದಿಲ್ಲ.
ತಿಕ್ಕಿದೆ. ಸುತ್ತಲಿನ ಕೆಂಪು ಹೋತು,
ಚುಕ್ಕಿ ಹೋಗಲಿಲ್ಲ.
ಹೆಬ್ಬಟ್ಟು ಇಟ್ಟು ಒತ್ತಿದೆ: ಮ್ಯಾಲಲ್ಲ, ಒಳಗ,
ತೆಳು ಅರಿವಿ ಕೆಳಗ ಸಾಸಿವಿಕಾಳು ಸಿಕ್ಕಂಗ.
"ನೋವು?"
"ಇಲ್ಲ."
ಇಲ್ಲ ಅಂತ ಅವರಿಗೆ ಸಮಾಧಾನ,
ನನಗ ಅದ ಹೆದರಿಕಿ.

ಭಾದ್ರಪದಕ್ಕ ಏಳು. ಆಮ್ಯಾಲೆ ಒಂಬತ್ತು.
ಸಾಲು ಹಿಡದು ಮೊಣಕಾಲಿನ ಕಡೆ ಹೊಂಟಿದ್ವು,
ಯಾರೋ ದಾರಿ ಹೇಳಿಕೊಟ್ಟಂಗ.
ತೊಡಿಸಂದಿಯೊಳಗ ಹುಣಸಿಬೀಜದಷ್ಟು ಒಂದು ಗಡ್ಡಿ.
ಬೆನ್ನ ಮ್ಯಾಲಿನ ಹುಟ್ಟುಮಚ್ಚಿ ಸುತ್ತ
ಬ್ಲೀಚಿನ ಹನಿ ಬಿದ್ದಂಗ ಬಿಳಿ ಉಂಗುರ.
"ಅದು ಕಾರಖಾನೀದು" ಅಂದ್ರು.
ಎಲ್ಲಾದಕ್ಕೂ ಅವರಿಗೆ ಕಾರಖಾನಿ ಇತ್ತು.

ಸಿವಿಲ್ ಆಸ್ಪತ್ರಿಯೊಳಗ
"ಮಾಳಪ್ಪ ಕೋಣ?" ಅಂತ ಕೂಗಿದ್ರು.
ಸಣ್ಣ ವಯಸ್ಸಿನ ಡಾಕ್ಟರಬಾಯಿ
ಗಾಜು ಹಿಡದು ನೋಡಿದಳು, ಬಹಳ ಹೊತ್ತು.
"ಹಾ ರಂಗ ನಾಹೀ, ಮಾವಶೀ."
ಆಮ್ಯಾಲೆ ನಮ್ಮ ಮಾತಿನಾಗ, ತಡವರಿಸಿ:
"ಮೊದಲ ನೋಡಿದ್ದು ಯಾರು?"
ನಾನು ಕೈ ತೋರಿಸಿದೆ,
ಸೋಡಾ ತಿಂದು ಸೀಳಿದ ಕೈ.
ಪೆನ್ನಿನಿಂದ ಒಂದೊಂದಕ್ಕೂ ಸುತ್ತು ಹಾಕಿ
ಎಣಿಸಿದಳು. ಹನ್ನೊಂದು.
ಎರಡು ನನ್ನ ಕಣ್ಣು ತಪ್ಪಿಸಿದ್ವು.

ಬರೂ ಮುಂದ ಪ್ಯಾಟಿಯೊಳಗ ಅಂಗಡಿಯವ
ಗಿರಾಕಿ ಮುಂದ ಚಾದರ ಬಿಚ್ಚಿ ಹೇಳತಿದ್ದ:
"ಪಕ್ಕಾ ಬಣ್ಣ ರೀ, ಎಷ್ಟರ ತೊಳೀರಿ, ಹೋಗೂದಿಲ್ಲ."
ಇವರು ನಿಂತ್ರು. ಚಾದರದ ಅಂಚು ಹಿಡದು
ಬೆರಳಿಗೆ ಎಂಜಲಾ ಹಚ್ಚಿ ತಿಕ್ಕಿ ನೋಡಿದ್ರು,
ಹಳೇ ಚಾಳಿ.
"ನಮ್ಮ ಹೌದಿಂದ" ಅಂದ್ರು, ಅಷ್ಟ.

ಸೋಮವಾರ ಸ್ಕ್ಯಾನು.
ರಾತ್ರಿ ನೀರು ಕಾಸಿ ಕಾಲು ತೊಡಿಮ್ಯಾಲ ಇಟ್ಟುಕೊಂಡೆ,
ಶನಿವಾರ ಅಲ್ಲ, ಆದ್ರೂ.
ಕಲ್ಲು ಮುಟ್ಟಲಿಲ್ಲ. ಬರೇ ನೀರು, ಬರೇ ಕೈ.
ಪೆನ್ನಿನ ಸುತ್ತು ಒಂದೊಂದ
ಕರಗಿ ಹೋದ್ವು.