ಖಾಲಿ ಸಾಲು

ದಿನಾ ಸಂಜೆ ರವಾನೆ ವಹಿಯಲ್ಲಿ ಒಂದು ಸಾಲು ಖಾಲಿ ಬಿಡಬೇಕು.
ನನಗಿದನ್ನು ಕಲಿಸಿದ್ದು ರುದ್ರೋಜಿರಾಯರು,
ನಿವೃತ್ತಿಯ ಹಿಂದಿನ ವಾರ, ಬಸಿಯಲ್ಲಿ ಚಹಾ ಆರಿಸುತ್ತಾ:
"ಯಾರದೋ ರಜೆ ಚೀಟಿ ತಡವಾಗಿರುತ್ತೆ, ಯಾರದೋ ಖಾತೆ.
ಒಂದು ಸಾಲು ಇರಲಮ್ಮ. ದಯೆಗೂ ಜಾಗ ಬೇಕು."

ಹನ್ನೊಂದು ವರ್ಷ ಬಿಟ್ಟೆ.
ದಯೆ ಬಂದು ಕೂತದ್ದು ಕಡಿಮೆ,
ಸಾಹೇಬರ ಭಾವಮೈದುನ ಕೂತದ್ದೇ ಹೆಚ್ಚು.

ಆ ಶುಕ್ರವಾರ ಮೆರವಣಿಗೆ ಸೇತುವೆ ಇಳಿಯುವಾಗ
ಮೊದಲ ಕಲ್ಲು ಯಾರದೆಂದು ತುಂಗೆಗೂ ಗೊತ್ತಿಲ್ಲ,
ಕಲ್ಲುಗಳೆಲ್ಲ ಅವಳ ಮಡಿಲಿನವೇ ಆದರೂ.
ಮಂಡಿ ಹಿಂದಿನ ಓಣಿಯಲ್ಲಿ ಚನ್ನಾಚಾರಿಯ ಮಗನಿಗೆ ಹದಿನಾಲ್ಕು ಹೊಲಿಗೆ.
ಎರಡು ಆಟೋ, ಒಂದು ಹೂವಿನಂಗಡಿ, ಮದರಸದ ಕಿಟಕಿ.
ಶನಿವಾರ ಊರಿಗೆ ಬೀಗ. ಹಾಲಿನವನಿಗೆ ಒಂದು ತಾಸು.
ನಮಗೆ ಪಾಸು ಕೊಟ್ಟು ಜೀಪಿನಲ್ಲಿ ಕರೆಸಿದರು.

ಕೋಪವೇ ಇರಲಿಲ್ಲ ಯಾರ ದನಿಯಲ್ಲೂ. ಇದನ್ನು ಒತ್ತಿ ಹೇಳಬೇಕು.
ಫ್ಯಾನು ತಿರುಗುತ್ತಿತ್ತು. ಯಾರೋ ಮಂಡಕ್ಕಿ ತರಿಸಿದ್ದರು.
"ಎಲ್ಲಾ ಕಾನೂನು ಪ್ರಕಾರವೇ ಆಗಲಿ," ಅಂದರು ಸಾಹೇಬರು,
"ಹದಿನೈದು ದಿನದ ಹಿಂದೆಯೇ ನೋಟೀಸು ಕೊಟ್ಟಿದ್ದೇವಲ್ಲ?
ಮೇಡಂ, ಎರಡನೇ ತಾರೀಖಿನ ಕೆಳಗೆ ಒಂದು ಸಾಲು ಇರಬೇಕಲ್ಲ?"

ಅಲ್ಲಿ ಬರೆಯಬೇಕಾದ ಹೆಸರು: ಜಬೀವುಲ್ಲಾ, ವೆಲ್ಡಿಂಗ್ ಅಂಗಡಿ,
ಚರಂಡಿ ಮೇಲೆ ಮೂರಡಿ ಒತ್ತುವರಿ.
ಮೂರಡಿ ನಿಜ. ಆ ಓಣಿಯ ಅಂಗಡಿಗಳೆಲ್ಲ ಮೂರಡಿಯೇ,
ಮೂಲೆಯ ಗುಡಿಯೂ, ನಮ್ಮದೇ ಪಾಲಿಕೆಯ ನೀರಿನ ಟ್ಯಾಂಕೂ.

ಈ ಮನುಷ್ಯನ ಬೆರಳು ನನಗೆ ಗೊತ್ತು.
ಚುನಾವಣೆ ದಿನ ಶಾಲೆಯ ಬೂತಿನಲ್ಲಿ ಶಾಯಿ ಹಚ್ಚುವವಳು ನಾನು.
ಕಿಡಿ ಬಿದ್ದು ಬಿದ್ದು ಎಡಗೈ ತೋರುಬೆರಳು ಇದ್ದಿಲಾಗಿತ್ತು.
"ಇಲ್ಲಿ ಕಾಣಲ್ಲ ಮೇಡಂ," ಅಂದ, "ಸ್ವಲ್ಪ ಮೇಲೆ ಹಚ್ಚಿ,
ಆಮೇಲೆ ನೀನು ಓಟೇ ಹಾಕಿಲ್ಲ ಅಂದ್ಬಿಟ್ರೆ?"
ಇಬ್ಬರೂ ನಕ್ಕಿದ್ದೆವು.
ಅವನ ಓಟು, ಚನ್ನಾಚಾರಿಯ ಓಟು
ಒಂದೇ ಯಂತ್ರದಲ್ಲಿ ಒಂದೇ ಥರ ಕೀಂ ಅಂದವು.
ಅದರಿಂದ ಹುಟ್ಟಿದ ಸರ್ಕಾರಕ್ಕೆ ಈಗ ನನ್ನ ಬಲಗೈ ಬೇಕಿತ್ತು.

ಬರೆದೆ.
ಬರೆಯಲಿಲ್ಲ ಅಂದಿದ್ದರೆ ಚೆನ್ನಾಗಿರುತ್ತಿತ್ತು. ಬರೆದೆ.
ನಾಲ್ಕು ಗಂಟೆಗೆ ಜೆಸಿಬಿ ಹೊರಟಾಗ
ಆ ಕಾಗದ ಚಾಲಕನಿಗಿಂತ ಮುಂದೆ ಕೂತಿತ್ತು.

ರಾತ್ರಿ ಅಕ್ಕಿ ತೊಳೆಯುತ್ತಿದ್ದಾಗ ಹೊಳೆಯಿತು:
ಎರಡನೇ ತಾರೀಖಿನ ಸಾಲುಗಳೆಲ್ಲ ನೀಲಿ,
ನಾನು ಬರೆದದ್ದು ಕಪ್ಪು.
ಬೇಕೆಂದೇ ತೆಗೆದುಕೊಂಡೆನೇ ಆ ಪೆನ್ನು, ಸುಮ್ಮನೆ ಕೈಗೆ ಸಿಕ್ಕಿತೇ?
ಕೋರ್ಟಿನಲ್ಲಿ ಅವನ ವಕೀಲೆಯೂ ಇದನ್ನೇ ಕೇಳಿದಳು.
ನ್ಯಾಯಾಧೀಶರು ಕನ್ನಡಕ ಹಣೆಗೇರಿಸಿ
ವಹಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.
ಮುಂದಿನ ತಾರೀಖು ಕೊಟ್ಟರು.

ಈಗ ಹೊಸ ವಹಿ. ಸಂಜೆ ಐದೂವರೆಗೆ
ಕೊನೆಯ ನಮೂದಿನ ಕೆಳಗೆ ಸ್ಕೇಲಿಟ್ಟು ಗೆರೆ ಎಳೆಯುತ್ತೇನೆ,
ಸೂಜಿ ತೂರದ ಹಾಗೆ, ಸಾಲಿಗೆ ಸಾಲು ಅಂಟಿಸಿ.
ನಿನ್ನೆ ಒಬ್ಬ ಮುದುಕಿ ಬಂದಿದ್ದಳು, ಪಿಂಚಣಿ ಅರ್ಜಿ, ಒಂದೇ ದಿನ ತಡ.
ಜಾಗ ಇರಲಿಲ್ಲ.