ಬಾಕಿ ಪತ್ರ

ಅದಾನಾ ನ್ಯಾಯಾಲಯದ ಹಿಂಬದಿ ಗೇಟಿನ ಬಳಿ
ಒಂದು ಹಿಪ್ಪುನೇರಳೆ ಮರ.
ಅದರಡಿ ನನ್ನ ಮಡಿಸುವ ಮೇಜು, ಎರಡು ಸ್ಟೂಲು,
ಒಂದಕ್ಷರದ ಬಾಲ ಮುರಿದ ಟೈಪ್‌ರೈಟರು.
ಆ ಬಾಲವನ್ನು ಪೆನ್ನಿನಲ್ಲಿ ಎಳೆಯುತ್ತೇನೆ.

ನಾನು ವಕೀಲನಲ್ಲ, ಮೊದಲೇ ಹೇಳಿಬಿಡುತ್ತೇನೆ.
ನಿಮ್ಮ ಗೋಳನ್ನು ಇಪ್ಪತ್ತೆಂಟು ಸಾಲಿಗೆ ಇಳಿಸಿ
ಮೇಲೆ 'ಮಾನ್ಯರೆ', ಕೆಳಗೆ ದಿನಾಂಕ ಹಾಕುವವನು.
ಬೈಗುಳಕ್ಕೆ ಜಾಗವಿಲ್ಲ, ಕಣ್ಣೀರಿಗೂ.
ಅತ್ತರೆ ಕಾಯುತ್ತೇನೆ,
ಕಾದದ್ದಕ್ಕೆ ದುಡ್ಡು ಹಿಡಿಯುವುದಿಲ್ಲ.

ಬೆಳಿಗ್ಗೆ ಬಂದವನು ಸಾತಿಲ್ಮಿಶ್.
'ಮಾರಿಹೋದವ' ಎಂದು ಹೆಸರಿನ ಅರ್ಥ;
ಕೂಸುಗಳು ಉಳಿಯದ ಮನೆಯಲ್ಲಿ
ಸಾವಿನ ಕಣ್ಣು ತಪ್ಪಿಸಲು ತಾಯಿ ಇಟ್ಟದ್ದು.
ಕಿತ್ತಳೆ ತುಂಬುವ ಶೆಡ್ಡಿಗೆ ಸೇರಿದ ದಿನ
ಖಾಲಿ ಹಾಳೆಗೆ ರುಜು ಹಾಕಿಸಿಕೊಂಡರಂತೆ.
ಈಗ ಆ ಹಾಳೆಯಲ್ಲಿ ಮಾತು ಮೊಳೆತಿದೆ:
'ಸ್ವಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ,
ಬರಬೇಕಾದ್ದೆಲ್ಲ ನನಗೆ ಸಂದಿದೆ.'
ಅವನ ಸ್ವಇಚ್ಛೆ
ಯಜಮಾನನ ಕಪಾಟಿನಲ್ಲಿ ಹನ್ನೊಂದು ವರ್ಷ ಮಲಗಿತ್ತು.
'ರುಜು ನಿನ್ನದೇನಾ?'
'ನನ್ನದೇ.'
'ಮಾತು?'
ಅವನು ಕೈ ನೋಡಿಕೊಂಡ. ಸಿಪ್ಪೆಯ ಎಣ್ಣೆಗೆ ಬಿರಿದ ಬೆರಳು.
ಬರೆದೆ: ರುಜುವಿನ ಶಾಯಿ ಹಳೆಯದು, ಮಾತಿನ ಶಾಯಿ ಹೊಸದು,
ಪರೀಕ್ಷೆಗೆ ಕಳಿಸಬೇಕಾಗಿ ಕೋರಿಕೆ.

ಮಧ್ಯಾಹ್ನ ಇನ್ನೊಬ್ಬ. ಭಾವಮೈದುನನ ಸಾಲಕ್ಕೆ ಜಾಮೀನು ನಿಂತು
ಬ್ಯಾಂಕಿನ ನೋಟೀಸು ಹಿಡಿದು ಬಂದವನು.
'ಹೆಂಡತಿಯ ಒಪ್ಪಿಗೆ ಬರಹದಲ್ಲಿತ್ತೆ?'
'ಅವಳ ತಮ್ಮನಿಗೇ ಅಲ್ಲವೆ, ಬೇಡ ಅಂತಾಳೆಯೇ?'
'ಬರಹದಲ್ಲಿ?'
ಕೇಳಿರಲೇ ಇಲ್ಲ.
ಮನೆಯವಳನ್ನು ಕೇಳದೆ ಇದ್ದದ್ದು
ಮನೆ ಉಳಿಸಬಹುದು ಎಂದು ನಾನಂದಾಗ
ಪಾಪ, ನಗುವುದೋ ನಾಚುವುದೋ ತಿಳಿಯಲಿಲ್ಲ ಅವನಿಗೆ.

ಆಮೇಲೆ ಗುಲಿಝಾರ್.
ಮದುವೆಯಲ್ಲಿ ನೆಂಟರು ತೊಡಿಸಿದ ಎಂಟು ಬಳೆ,
ಹಗ್ಗದ ಹಾಗೆ ಹೊಸೆದ ಚಿನ್ನ,
ಗಂಡ ಟೆಂಪೋ ಕೊಳ್ಳಲು ಮಾರಿದ.
'ನೀನೇ ಕೊಟ್ಟದ್ದಲ್ಲವೆ' ಅನ್ನುತ್ತಾನಂತೆ.
'ಕೊಟ್ಟೆ' ಎಂದಳು, 'ಬಿಟ್ಟುಕೊಡಲಿಲ್ಲ.'
ಈ ಎರಡು ಮಾತಿನ ನಡುವೆ
ಎಷ್ಟು ವಕೀಲರ ಮಕ್ಕಳು ಓದಿ ಮುಂದೆ ಬಂದಿದ್ದಾರೆ!
'ಸಾಕ್ಷಿ?'
ಚೀಲದಿಂದ ಮದುವೆಯ ಫೋಟೋ ತೆಗೆದಳು.
ಮೊಣಕೈವರೆಗೆ ಹೊಳಪು.
ಎಣಿಸಿದೆ, ಎಂಟು. ಮತ್ತೆ ಎಣಿಸಿದೆ.
ಕೀಲಿಯ ಮೇಲಿಟ್ಟ ಬೆರಳು ಒತ್ತಲೊಲ್ಲದು.

ಈ ಯಂತ್ರ ಬಂದದ್ದು ಮುಝೆಯ್ಯನ್‌ಳ ಆರು ಬಳೆಯಿಂದ.
ನಲವತ್ತೊಂದು ವರ್ಷದ ಹಿಂದೆ, ಚಳಿಗಾಲ.
'ಬೇಸಿಗೆಗೆ ಮಾಡಿಸಿಕೊಡುತ್ತೇನೆ' ಅಂದಿದ್ದೆ.
ಬೇಸಿಗೆಗಳು ಬಂದವು,
ಈ ಊರಿಗೆ ಬರದೆ ಇರುತ್ತವೆಯೇ.
ಅವಳು ಕೇಳಲಿಲ್ಲ.
ಕೇಳದ ಸಾಲ ತೀರಿದ ಸಾಲ ಎಂದುಕೊಂಡೆ,
ಹಾಗಲ್ಲವೆಂದು ಸಾವಿರ ಜನಕ್ಕೆ ಬರೆದುಕೊಟ್ಟವನು.

ಗುಲಿಝಾರಳಿಂದ ಅರ್ಧ ದುಡ್ಡೇ ಹಿಡಿದೆ,
ಯಾಕೆಂದು ಅವಳು ಕೇಳಿದಳು, ಹೇಳಲಿಲ್ಲ.
ಗೇಟು ಹಾಕಿದ ಮೇಲೆ ಒಂದು ಹಾಳೆ ಏರಿಸಿ
ನನ್ನ ಹೆಸರಿನಲ್ಲಿ ಹೊಡೆದೆ:
'ಇಪ್ಪತ್ತೆರಡು ಕ್ಯಾರೆಟ್ಟಿನ ಆರು ಬಳೆ,
ಪಡೆದದ್ದು ನಿಜ, ಹಿಂತಿರುಗಿಸಲು ಬದ್ಧ.'
ಕೆಳಗೆ ರುಜು.
ಮುರಿದ ಅಕ್ಷರಕ್ಕೆ ಬಾಲ.

ಅವಳು ಬದನೆಕಾಯಿ ತೊಳೆಯುತ್ತಿದ್ದಳು.
ಕೈ ಒರೆಸಿ, ಕನ್ನಡಕ ಹುಡುಕಿ,
ದೀಪದಡಿ ನಿಂತು ಎರಡು ಸಲ ಓದಿದಳು,
ಬ್ಯಾಂಕಿನ ಕೌಂಟರಿನವಳ ಹಾಗೆ.
ನಗಲಿಲ್ಲ, ಅಳಲಿಲ್ಲ,
ಹೋಗಲಿ ಬಿಡಿ ಅನ್ನಲೂ ಇಲ್ಲ.
'ಯಾವಾಗ ಅಂತ ಹಾಕಿಲ್ಲ' ಎಂದಳು,
ಹಾಳೆಯನ್ನು ನನ್ನತ್ತ ಚಾಚಿ,
ಪೆನ್ನನ್ನೂ.