ಅರ್ಧ ಗಂಟೆ

ಬ್ರೋಕನ್ ಹಿಲ್‌ನಲ್ಲಿ ಮೋಡ ಬಂದರೆ
ಜನ ಅಂಗಡಿಯಿಂದ ಹೊರಬಂದು ನೋಡುತ್ತಾರೆ.
ಪಡುವಣದಿಂದ ಏಳುವುದು ಕೆಂಪು ಧೂಳು.
ಕಿಟಕಿ ಸಂದಿಗೆ ಒದ್ದೆ ಟವೆಲ್ ತುರುಕಿ
ಕೂತಿರುತ್ತೇವೆ, ಅಷ್ಟೆ.

ಇಂಥ ಊರಲ್ಲಿ, ಬ್ಲೆಂಡ್ ಬೀದಿಯ ಲೈಬ್ರರಿಯಲ್ಲಿ,
ಮಂಗಳವಾರ ಸಂಜೆ ಆರಕ್ಕೆ
ಕ್ಲೌಡ್ ಕಲಿಸುತ್ತೇನೆ ಅಂದಳು ಟೆಗನ್.
ಅವಳಿಗೆ ಇಪ್ಪತ್ತಮೂರು, ಒಂದೇ ಕಿವಿಗೆ ನಾಲ್ಕು ರಿಂಗು.
ನನಗೆ ಐವತ್ತೊಂದು.
ಡಯಾಲಿಸಿಸ್ ವಾರ್ಡಿನ ಯಂತ್ರಗಳಿಗೆ
ಕಣ್ಣು ಮುಚ್ಚಿ ನಳಿಗೆ ಜೋಡಿಸುವ ಈ ಕೈ
ಕೀಲಿಮಣೆ ಕಂಡರೆ ಕೋಳಿಯಾಗುತ್ತದೆ,
ಒಂದೊಂದೇ ಕಾಳು ಹುಡುಕಿ ಕುಕ್ಕುತ್ತದೆ.

ಮೊದಲ ದಿನವೇ ಹೇಳಿಬಿಟ್ಟಳು:
"ಮೋಡ ಗೀಡ ಏನಿಲ್ಲ.
ಸಿಡ್ನಿಯ ಅಂಚಿನಲ್ಲೊಂದು ಗೋದಾಮು,
ಒಳಗೆ ಫ್ಯಾನುಗಳ ಗದ್ದಲ, ಬೇರೆಯವರ ಕಂಪ್ಯೂಟರು,
ಗಂಟೆಗಿಷ್ಟು ಅಂತ ಬಾಡಿಗೆ."
ನನಗೆ ಎಷ್ಟೋ ಸಮಾಧಾನವಾಯಿತು.
ಬಾಡಿಗೆ ಮನೆ ನನಗೆ ಗೊತ್ತು:
ಯಾವ ಬಾಗಿಲ ಕೀಲಿ ಯಾರ ಹತ್ತಿರ,
ದೀಪ ಆರಿಸದೆ ಹೊರಟರೆ ಬಿಲ್ ಯಾರ ತಲೆಗೆ.
ಗೊತ್ತಿದ್ದೂ ನವೆಂಬರಿನಲ್ಲಿ ಮರೆತೆ.
ನಲವತ್ತಮೂರು ಡಾಲರ್.

ನನ್ನ ಆ್ಯಪ್ ದೊಡ್ಡದೇನಲ್ಲ.
ಯಾರ ಕಾರು, ಯಾವ ರೋಗಿ, ಎಷ್ಟು ಹೊತ್ತಿಗೆ.
ಹನ್ನೊಂದು ರೋಗಿಗಳು, ಆರು ಡ್ರೈವರುಗಳು,
ವಾರ್ಡಿನ ಫ್ರಿಜ್ಜಿಗೆ ಅಂಟಿಸಿದ ಒಂದು ಹಾಳೆ,
ತಿದ್ದಿ ತಿದ್ದಿ ಅದಕ್ಕೆ ತೂತು ಬಿದ್ದಿತ್ತು.

ನನ್ನ ಲ್ಯಾಪ್‌ಟಾಪಿನಲ್ಲಿ ಓಡಿತು.
ಅಲ್ಲಿಗೆ ಕಳಿಸಿದರೆ ಮುಗ್ಗರಿಸಿತು,
ಮನೆಯೊಳಗೆ ಹಾಡುವ ಕೂಸು
ನೆಂಟರೆದುರು ಬಾಯಿ ಬಿಡದ ಹಾಗೆ.
ಕೆಂಪಕ್ಷರ, ಅದರ ಕೆಳಗೆ ಇನ್ನಷ್ಟು ಕೆಂಪಕ್ಷರ.
"ಕೊನೆಯ ಸಾಲು ಓದಿ" ಅನ್ನುತ್ತಾಳೆ ಟೆಗನ್,
"ಬೈಗುಳದ ತುದಿಯಲ್ಲೇ ಕಾರಣ ಇರುತ್ತದೆ."
ನನ್ನ ಅಜ್ಜಿಯ ವಿಷಯದಲ್ಲೂ ಹಾಗೇ ಇತ್ತು.

ಆರನೇ ಮಂಗಳವಾರ, ಎಂಟು ನಲವತ್ತಕ್ಕೆ, ಹಸಿರು.
ನನ್ನ ಫೋನಿನಲ್ಲಿ, ಅವಳ ಫೋನಿನಲ್ಲಿ,
ಮನಸ್ಸಿಲ್ಲದೆ ಕೈಚಾಚಿದ ವಾಚ್‌ಮನ್ನನ ಫೋನಿನಲ್ಲಿ
ಅದೇ ಹನ್ನೊಂದು ಹೆಸರು.
ನಾನು ಕುಣಿಯಲಿಲ್ಲ.
ಬಾಟಲಿಯ ನೀರನ್ನೆಲ್ಲ ಒಂದೇ ಗುಟುಕಿಗೆ ಕುಡಿದೆ.

ಗುರುವಾರ ಮಿಸ್ಟರ್ ಟ್ರೆವಾನಿಯನ್,
ನಲವತ್ತು ವರ್ಷ ಸೀಸದ ಗಣಿಗೆ ಇಳಿದು ಹತ್ತಿದವರು,
"ಕಾರು ಬಂತು, ಹೊರಡಿ" ಅಂತ ನನ್ನ ಆ್ಯಪ್ ಕರೆದದ್ದೇ
ಕ್ಲೋರೈಡ್ ಬೀದಿಯ ಗೇಟಿಗೆ ಬಂದು ನಿಂತರು,
ಅರ್ಧ ಗಂಟೆ, ಮೂವತ್ತೆಂಟು ಡಿಗ್ರಿಯಲ್ಲಿ.
ನನ್ನ ಸೂಜಿಗೆಂದು ಉಬ್ಬಿಸಿಟ್ಟ ತೋಳಿನ ನರ,
ಅದರ ಮೇಲೊಂದು ನೊಣ.
"ನಿನ್ನ ಯಂತ್ರಕ್ಕೆ ಅವಸರ ಕಣಮ್ಮ" ಅಂದರು,
"ಗಣಿಯ ಸೈರನ್ ಒಂದು ದಿನವೂ ಮೊದಲೇ ಕೂಗಿದ್ದಿಲ್ಲ."

ರಾತ್ರಿ ಹುಡುಕಿದೆ. ಸಾಲು ಸರಿ. ಲೆಕ್ಕ ಸರಿ.
ಎರಡು ಗಂಟೆಗೆ ಹೊಳೆಯಿತು:
ರಾಜ್ಯ ನ್ಯೂ ಸೌತ್ ವೇಲ್ಸ್ ತಾನೆ ಅಂತ
ಸಿಡ್ನಿಯ ಗಡಿಯಾರ ಕಟ್ಟಿದ್ದೆ ಅದರ ಕೈಗೆ.
ಈ ಊರೋ,
ಅಡಿಲೇಡಿನ ಕಡೆಯಿಂದ ರೈಲು ಬಂದ ಕಾಲದಿಂದ
ತನ್ನ ರಾಜಧಾನಿಗಿಂತ ಅರ್ಧ ಗಂಟೆ ಹಿಂದೆಯೇ
ಎದ್ದು, ಉಂಡು, ಮಲಗುತ್ತದೆ.

ಜಗತ್ತಿನ ಗಡಿಯಾರಗಳ ಪಟ್ಟಿ ತೆರೆದೆ.
ಅಡಿಲೇಡ್. ಬ್ರಿಸ್ಬೇನ್.
ಅದರ ಕೆಳಗೆ, ಕನ್ನಡಕ ಒರೆಸಿ ಮತ್ತೆ ನೋಡಿದೆ,
ಬ್ರೋಕನ್ ಹಿಲ್.
ಹದಿನೇಳು ಸಾವಿರ ಜನಕ್ಕೆ ಇಡಿಯದೊಂದು ಸಾಲು.
ಯಾರೋ, ಯಾವ ದೇಶದಲ್ಲೋ ಕೂತು,
ನಮ್ಮ ಈ ಹಟದ ಅರ್ಧ ಗಂಟೆಯನ್ನು
ಮರೆಯದೆ ಬರೆದಿಟ್ಟಿದ್ದಾರೆ.

ಒಂದು ಪದ ಬದಲಿಸಿದೆ. ಕಳಿಸಿದೆ. ಹಸಿರು.

ಶನಿವಾರ ಅವರು ಸರಿಯಾದ ಹೊತ್ತಿಗೆ ಬಂದರು,
ಏನೂ ಹೇಳಲಿಲ್ಲ.
ಹೊತ್ತಿಗೆ ಸರಿಯಾಗಿ ಬಂದವರು ಏನು ಹೇಳಿಯಾರು?
ಗೇಟಿನ ಪಕ್ಕ ಮಾತ್ರ, ಡ್ರೈವರ್ ಹೇಳಿದ,
ಈಗೊಂದು ಮಡಿಸುವ ಕುರ್ಚಿ ಇದೆಯಂತೆ,
ನನ್ನ ಮುಂದಿನ ತಪ್ಪಿಗೆಂದು.